ಸೋಮವಾರದ ನೀಲಿ ಗುಳಿಗೆ

ನನ್ನದು ಅನುಮಾನದ ಸ್ವಭಾವ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಜೊತೆ ಕೆಲಸ ಮಾಡಿದವರು ಹೇಳುತ್ತಾರೆ. ಹಾಲಿನವನು ಕ್ಯಾನು ಇಳಿಸುವ ಮೊದಲೇ ಬೆರಳದ್ದಿ ನೋಡುವವಳು ನಾನು. ಬಸ್ಸಿನಲ್ಲಿ ಪಕ್ಕದವರು ನಿದ್ದೆ ಮಾಡುತ್ತಿದ್ದರೆ, ನಿಜವಾಗಿ ಮಾಡುತ್ತಿದ್ದಾರಾ ಎಂದು ಒಂದು ಕಣ್ಣು ಇಟ್ಟೇ ಇರುತ್ತೇನೆ. ಹುಟ್ಟಿ ಬೆಳೆದದ್ದು ಜಗಳೂರು. ನೀರಿನ ಟ್ಯಾಂಕರ್ ಬಂತು ಎಂದು ಯಾರಾದರೂ ಕೂಗಿದರೆ ಊರೆಲ್ಲಾ ಕೊಡ ಹಿಡಿದು ಓಡುತ್ತಿತ್ತು. ನಮ್ಮವ್ವ ಮಾತ್ರ ಮೊದಲು ಬರಿಗೈಯಲ್ಲಿ ಬೀದಿಗೆ ಹೋಗಿ ಕಣ್ಣಾರೆ ನೋಡಿ, ಆಮೇಲೆ ಒಳಗೆ ಬಂದು ಕೊಡ ಎತ್ತಿಕೊಳ್ಳುತ್ತಿದ್ದಳು. ಅವಳ ಮಗಳು ನಾನು.

ಈಗ ಮನೆ ಹೊನ್ನಾಳಿಯಲ್ಲಿ. ಸಾಸ್ವೆಹಳ್ಳಿ ಕಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆದಿರಲಿಲ್ಲ, ನನ್ನ ಡಬ್ಬಿಯಿಂದ ಚಾಕ್‌ಪೀಸ್ ಕಳುವಾಗತೊಡಗಿದವು. ಒಂದೆರಡು ಅಲ್ಲ, ದಿನಕ್ಕೆ ಮೂರು ನಾಲ್ಕು. ಸಂಜೆ ಎಣಿಸಿಟ್ಟು ಹೋಗುವುದು, ಬೆಳಿಗ್ಗೆ ಬಂದು ಎಣಿಸುವುದು, ಮಧ್ಯಾಹ್ನ ಮತ್ತೆ ಎಣಿಸುವುದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ‘ಬಂಗಾರ ಕಳ್ಕೊಂಡೋರ ಹಂಗೆ ಆಡ್ತೀರಲ್ಲ ಮೇಡಂ’ ಎಂದರು ಗಣಿತದ ಮೇಷ್ಟ್ರು. ನನಗೆ ಮೊದಲು ಅವರ ಮೇಲೇ ಅನುಮಾನ ಬಂತು. ಆಮೇಲೆ ಎಂಟನೆಯ ಕ್ಲಾಸಿನ ಹುಡುಗರ ಮೇಲೆ. ಕೊನೆಗೆ ಡಬ್ಬಿಗೆ ದಾರ ಸುತ್ತಿ, ಗಂಟಿಗೆ ಗುರುತು ಹಾಕಿ ಕಾದು ಕೂತೆ.

ಸಿಕ್ಕಿದ್ದು ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗಿ. ತೆಳ್ಳಗೆ, ಮಾತು ಕಡಿಮೆ, ಎರಡನೇ ಬೆಂಚಿನವಳು. ಲೈಬ್ರರಿ ಬೀರುವಿನ ಹಿಂದೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಕುರುಂ ಕುರುಂ ಎಂದು ಸದ್ದು ಬರುತ್ತಿತ್ತು.

‘ಏನ್ ತಿಂತಿದೀಯೇ?’

‘ಏನಿಲ್ಲ ಮೇಡಂ.’

‘ಬಾಯಿ ತೆಗಿ.’

ತೆಗೆದಳು. ನಾಲಿಗೆಯೆಲ್ಲಾ ಬೆಳ್ಳಗೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ‘ಕಳ್ಳಿ, ತಿನ್ನೋಕೆ ನಿಂಗೆ ಬೇರೇನೂ ಸಿಗಲಿಲ್ಲೇನೇ?’ ಎಂದು ಬೈದುಬಿಟ್ಟೆ. ಅವಳು ಅಳಲಿಲ್ಲ. ಕುತ್ತಿಗೆ ಬಗ್ಗಿಸಿಕೊಂಡು, ‘ತಿನ್ನದಿದ್ರೆ ಬಾಯೆಲ್ಲಾ ಒಂಥರಾ ಆಗ್ತೈತ್ರೀ ಮೇಡಂ’ ಎಂದಳು.

ಆಗ ನನಗೆ ಎಚ್ಚರವಾಯಿತು ನೋಡಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಿಗೆ ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ. ಅದನ್ನು ಬರೆಯಲು ಇಟ್ಟ ಚಾಕ್‌ಪೀಸನ್ನೇ ಒಬ್ಬಳು ತಿನ್ನುತ್ತಿದ್ದರೆ ನನ್ನ ಕಣ್ಣಿಗೆ ಕಂಡದ್ದು ಬರೀ ಕಳ್ಳಿ. ಅವಳನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಹೋಗಿ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದೆ. ಒಳಗೆ ಕೆಂಪಗಿರಬೇಕು. ಸುಣ್ಣ ಬಳಿದ ಗೋಡೆಯಂತಿತ್ತು. ಉಗುರು ನೋಡಿದೆ, ಅದೂ ಹಾಗೇ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಾ ಎಂದು ಕೇಳಿದ್ದಕ್ಕೆ, ‘ಎಲ್ರಿಗೂ ಹೊಡ್ಕಳಲ್ವಾ ಮೇಡಂ?’ ಎಂದಳು.

ಶಾಲೆಗೆ ಸರ್ಕಾರದಿಂದ ಬರುವ ನೀಲಿ ಗುಳಿಗೆ ಗೊತ್ತಿರಬೇಕು ನಿಮಗೆ. ಕಬ್ಬಿಣದ ಅಂಶದ್ದು. ವಾರಕ್ಕೊಂದು, ಮಧ್ಯಾಹ್ನ ಬಿಸಿಯೂಟವಾದ ಮೇಲೆ. ಮಕ್ಕಳಿಗೆ ಧೈರ್ಯ ಬರಲಿ ಎಂದು ಮೊದಲು ಟೀಚರೇ ಒಂದು ನುಂಗಿ ತೋರಿಸಬೇಕು. ನಮ್ಮ ಶಾಲೆಯಲ್ಲಿ ಅದರ ಜವಾಬ್ದಾರಿ ನನ್ನದು. ಸೋಮವಾರ ಕೊಡೋಣ ಎಂದು ಗೊತ್ತು ಮಾಡಿದವಳೂ ನಾನೇ, ಯಾಕೆಂದರೆ ಸೋಮವಾರ ಊಟದ ನಂತರದ ಪೀರಿಯಡ್ ನನ್ನದಿತ್ತು. ಅದಕ್ಕಿಂತ ಹೆಚ್ಚು ಯೋಚನೆ ಮಾಡಲಿಲ್ಲ.

ಕೊಡುವುದೆಂದರೆ ಸುಮ್ಮನೆ ಕೊಡುವುದಲ್ಲ. ಹುಡುಗಿಯರನ್ನು ನಂಬುವವಳೇ ನಾನು? ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳಿಗೂ ನೀರು ಕುಡಿಸಿ, ‘ಆ’ ಅನ್ನಿಸಿ, ನಾಲಿಗೆ ಎತ್ತಿಸಿ, ಕೆಳಗೆ ಇಣುಕಿ ನೋಡಿ, ಆಮೇಲೆ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು. ಅಡುಗೆಯಮ್ಮ ದೂರದಲ್ಲಿ ನಿಂತು, ‘ಪೊಲೀಸ್ನೋರು ಬಂದ್ರು’ ಎಂದು ಕೂಗುತ್ತಿದ್ದಳು. ಅಂದುಕೊಳ್ಳಲಿ ಬಿಡು ಎಂದು ನಾನು ಮುಂದಿನವಳ ಬಾಯಿ ತೆಗೆಸುತ್ತಿದ್ದೆ.

ಈಗ ಹೇಳಲೇಬೇಕಾದ ಮಾತು. ಸೋಮವಾರ ನನ್ನದು ಒಪ್ಪತ್ತು. ಹಗಲೆಲ್ಲಾ ನೀರು ಬಿಟ್ಟರೆ ಏನೂ ಇಲ್ಲ, ಸಂಜೆ ದೀಪ ಹಚ್ಚಿ ಶಿವನಿಗೆ ಕೈಮುಗಿದ ಮೇಲೇ ಊಟ. ನಮ್ಮವ್ವ ಹಾಸಿಗೆ ಹಿಡಿದ ಮೇಲೂ ಸೋಮವಾರ ಬಿಟ್ಟವಳಲ್ಲ. ಅವಳು ಹೋದ ಮೇಲೆ ಅವಳ ಸೀರೆಗಳನ್ನು ಅಕ್ಕ ತಂಗಿ ಹಂಚಿಕೊಂಡರು, ನಾನು ಅವಳ ಸೋಮವಾರಗಳನ್ನು ಹಿಡಿದುಕೊಂಡೆ. ಯಾರಿಗೂ ಹೇಳಿಕೊಂಡಿರಲಿಲ್ಲ. ಆ ಹಸಿವಿನಲ್ಲಿ ಅವ್ವ ಹತ್ತಿರ ಕೂತಿದ್ದಾಳೆ ಅನಿಸುತ್ತಿತ್ತು, ಅಷ್ಟೇ.

ಮೊದಲ ಸೋಮವಾರ ಮಕ್ಕಳ ಎದುರಿಗೆ ಖಾಲಿ ಹೊಟ್ಟೆಯಲ್ಲೇ ಗುಳಿಗೆ ನುಂಗಿದೆ. ಸಂಜೆ ಬಸ್ಸಿನಲ್ಲಿ ಹೊಟ್ಟೆ ತೊಳೆಸಿ, ಹೊನ್ನಾಳಿ ಮುಟ್ಟುವ ಮೊದಲೇ ಕಿಟಕಿಯಾಚೆ ವಾಂತಿಯಾಯಿತು. ಊಟವಿಲ್ಲದೆ ನುಂಗಿದರೆ ಹಾಗಾಗುವುದೇ. ಆದರೆ ನನ್ನ ಬುದ್ಧಿ ನೋಡಿ, ಗುಳಿಗೆಯ ಮೇಲೇ ಅನುಮಾನ ಬಂತು. ಹಳೇ ಸ್ಟಾಕ್ ಇರಬೇಕು, ಬಿಸಿಲಲ್ಲಿ ಇಟ್ಟಿರಬೇಕು ಎಂದು ಗುಳಿಗೆ ಪಟ್ಟಿ ತಿರುಗಿಸಿ ತಿರುಗಿಸಿ ತಾರೀಖು ಓದಿದೆ. ತಾರೀಖು ಸರಿಯಾಗಿತ್ತು. ಆದರೂ ಮುಂದಿನ ಸೋಮವಾರ ಗುಳಿಗೆಯನ್ನು ಬಾಯಿಗಿಟ್ಟಂತೆ ಮಾಡಿ, ನೀರು ಕುಡಿದು, ತುಟಿ ಒರೆಸಿಕೊಳ್ಳುವ ನೆಪದಲ್ಲಿ ಕರ್ಚೀಫಿಗೆ ಜಾರಿಸಿದೆ. ಯಾರೂ ನೋಡಲಿಲ್ಲ ಎಂದುಕೊಂಡೆ. ಆಮೇಲೆ ಅದೇ ರೂಢಿಯಾಯಿತು. ಮಕ್ಕಳಿಗೇನು ಸುಳ್ಳು ಪಾಠ ಹೇಳುತ್ತಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ.

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಗುಳಿಗೆ ತಿಂದರೆ ಮಾರನೇ ದಿನ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಬೇಕಿತ್ತು. ಹೃದಯಕ್ಕೆ ನಾಲ್ಕು ಕೋಣೆ ಎಂದು ಗಟ್ಟಿಯಾಗಿ ಹೇಳುವ ನಾನು, ಹುಡುಗರು ಕಿಸಕ್ ಅಂತಾರೆ ಎಂದು ಆ ಒಂದು ಮಾತನ್ನು ನುಂಗಿಕೊಂಡೆ. ಗುಳಿಗೆ ನುಂಗಲಿಲ್ಲ, ಮಾತು ನುಂಗಿದೆ.

ಚಾಕ್‌ಪೀಸಿನ ಹುಡುಗಿಯ ಮೇಲೆ ಆವತ್ತಿನಿಂದ ನನಗೆ ವಿಶೇಷ ಕಣ್ಣು. ಮನೆಗೆ ಹೇಳಿ ಕಳಿಸಿದೆ. ಅವಳ ತಾಯಿ ಬಂದಳು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವಳು, ಬೆರಳ ತುದಿಗಳೆಲ್ಲಾ ಕಪ್ಪಾಗಿದ್ದವು. ಬಂದವಳೇ ಬಾಗಿಲಲ್ಲೇ ನಿಂತು ಕೇಳಿದಳು.

‘ಅದೇನ್ ಗುಳಿಗೆ ಕೊಡ್ತೀರಂತೆ ಮೇಡಂ ನಮ್ಮ ಹುಡುಗಿಗೆ? ಅದನ್ನ ತಿಂದ್ರೆ ಮುಂದೆ ಮಕ್ಕಳಾಗಲ್ಲಂತೆ?’

‘ಯಾರ್ ಹೇಳಿದ್ದು ನಿಮಗೆ?’

‘ಎಲ್ರೂ ಹೇಳ್ತಾರೆ. ನ್ಯಾಮತಿ ಕಡೆ ಒಂದು ಹುಡುಗಿಗೆ ಹಂಗೇ ಆತಂತೆ.’

ನ್ಯಾಮತಿ ಎಂದು ಇವಳು ಹೇಳಿದಳು, ಹಿಂದಿನ ವಾರ ಇನ್ನೊಬ್ಬಳು ಚನ್ನಗಿರಿ ಎಂದಿದ್ದಳು. ಯಾವ ಊರು, ಯಾರ ಮನೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ನನಗೆ ರೇಗಿತು. ರಕ್ತ ಹೇಗೆ ಉಸಿರನ್ನು ಮೈಯೆಲ್ಲಾ ಹೊತ್ತು ತಿರುಗುತ್ತದೆ, ಕಬ್ಬಿಣವಿಲ್ಲದಿದ್ದರೆ ಅದು ಹೇಗೆ ಬರಿಗೈಯಲ್ಲಿ ತಿರುಗುತ್ತದೆ, ತಿಂಗಳು ತಿಂಗಳು ರಕ್ತ ಹೋಗುವ ಹುಡುಗಿಯರಿಗೆ ಯಾಕೆ ಹೆಚ್ಚು ಬೇಕು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಪಾಠ ಕೇಳುತ್ತಿದ್ದಾಳೆ ಅನಿಸಲಿಲ್ಲ. ಕೊನೆಗೆ ಒಂದೇ ಪ್ರಶ್ನೆ.

‘ನೀವು ತಿಂತೀರಾ?’

‘ಮತ್ತೆ? ವಾರ ವಾರ ಮಕ್ಕಳ ಎದುರಿಗೇ ತಿಂತೀನಿ.’

ನಾಲಿಗೆ ಒಂಚೂರೂ ತಡವರಿಸಲಿಲ್ಲ. ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ತಲೆ ಎತ್ತಿ ನನ್ನನ್ನು ನೋಡಿದಳು. ತಾಯಿ, ‘ನೀವು ತಿಂದ್ರೆ ಸರಿ ಬಿಡ್ರಿ. ನಿಮ್ಮನ್ನ ನಂಬಿ ಬಿಟ್ಟೀನಿ’ ಎಂದು ಹೇಳಿ ಹೋದಳು. ಹೊನ್ನಾಳಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಹೇಳಿದ ಮಾತು ಮಾತ್ರ ಹಾಗೇ ಉಳಿಯಿತು. ಕೆಲಸ ಬಿಟ್ಟು ಹೋಗಬೇಕಲ್ಲ, ಗುಳಿಗೆ ಹೇಗೂ ಮೇಡಂ ಕೊಡ್ತಾರೆ.

ಜುಲೈ ಹೋಯಿತು, ಆಗಸ್ಟ್ ಬಂತು. ರಿಜಿಸ್ಟರಿನಲ್ಲಿ ಹುಡುಗಿಯ ಹೆಸರಿನ ಮುಂದೆ ಒಂದೂ ತಪ್ಪದೆ ಟಿಕ್. ಹುಡುಗಿ ಮಾತ್ರ ದಿನದಿನಕ್ಕೆ ಬಿಳುಚಿಕೊಳ್ಳುತ್ತಿದ್ದಳು. ಬೋರ್ಡಿಗೆ ಬಂದು ಎರಡು ಸಾಲು ಬರೆದರೆ ಏದುಸಿರು. ಆಟದ ಪೀರಿಯಡ್ಡಿನಲ್ಲಿ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದಳು. ಚಾಕ್‌ಪೀಸೂ ಹೋಗುತ್ತಲೇ ಇದ್ದವು. ಇವಳು ಗುಳಿಗೆ ನುಂಗದೆ ಆಟ ಕಟ್ಟುತ್ತಿದ್ದಾಳೆ ಎಂದು ನನ್ನ ಅನುಮಾನ ಗಟ್ಟಿಯಾಯಿತು. ಬೆಂಚಿನ ಕೆಳಗೆ ಹುಡುಕಿದೆ, ಕಿಟಕಿಯಾಚೆ ಹುಡುಕಿದೆ, ನಲ್ಲಿಯ ಹತ್ತಿರ ಹೋಗಿ ಕೆಸರಲ್ಲಿ ನೀಲಿ ಬಣ್ಣವೇನಾದರೂ ಕಾಣುತ್ತದಾ ಎಂದು ಬಗ್ಗಿ ನೋಡಿದೆ. ಅವಳ ನಾಲಿಗೆಯನ್ನು ಎರಡೆರಡು ಸಲ ಎತ್ತಿಸಿದೆ. ಏನೂ ಸಿಗಲಿಲ್ಲ. ಅವಳು ನನ್ನನ್ನು ನೋಡುವ ರೀತಿಯೂ ನನಗೆ ಸರಿಬರುತ್ತಿರಲಿಲ್ಲ. ನಾನು ನೀರು ಕುಡಿಯುವಾಗ ಅವಳ ಕಣ್ಣು ನನ್ನ ಕೈಯ ಮೇಲಿರುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಅವಳು ಕುಸಿದು ಬಿದ್ದಳು. ಓಡಿಹೋಗಿ ತಲೆ ಎತ್ತಿಕೊಂಡೆ, ತುಟಿಯಲ್ಲಿ ರಕ್ತವೇ ಇರಲಿಲ್ಲ. ಅಡುಗೆಯಮ್ಮ ನೀರು ಚಿಮುಕಿಸಿದಳು. ಕಣ್ಣು ಬಿಟ್ಟಳು, ಎದ್ದು ಕೂರಲಾಗಲಿಲ್ಲ. ಗಣಿತದ ಮೇಷ್ಟ್ರು ಆಟೋ ಕರೆಸಿದರು, ದಾರಿಯಲ್ಲಿ ಅವಳ ತಾಯಿಯನ್ನೂ ಹತ್ತಿಸಿಕೊಂಡು ಹೊನ್ನಾಳಿಯ ಆಸ್ಪತ್ರೆಗೆ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳಿನಿಂದ, ತೋಳಿನಿಂದ ರಕ್ತ ತೆಗೆಸಿದರು. ಒಂದು ಗಂಟೆ ಕಾದ ಮೇಲೆ ಚೀಟಿ ಬಂತು. ರಕ್ತದಲ್ಲಿ ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದದ್ದು ಏಳೂ ಇರಲಿಲ್ಲ.

‘ದಿನಾ ಗುಳಿಗೆ ಬರ್ಕೊಡ್ತೀನಿ, ತಪ್ಪಿಸೋ ಹಂಗಿಲ್ಲ. ಒಂದು ತಿಂಗಳು ನೋಡಾಣ. ಏರಲಿಲ್ಲಾಂದ್ರೆ ದಾವಣಗೆರೆಗೆ ಹೋಗಿ ರಕ್ತಾನೇ ಹಾಕಿಸ್ಬೇಕಾಗ್ತೈತೆ. ಇನ್ನೂ ಇಳಿದ್ರೆ ಹೃದಯಕ್ಕೆ ಭಾರ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಶಾಲೇಲಿ ಗುಳಿಗೆ ಕೊಡ್ತೀರಲ್ರೀ? ಇವಳು ತಿಂತಿದ್ಲಾ?’ ಎಂದು ಕೇಳಿದರು.

‘ನಾನೇ ನಿಂತು ನುಂಗ್ಸೀನಿ ಡಾಕ್ಟ್ರೇ. ನಾಲಿಗೆ ಎತ್ತಿಸಿ ನೋಡೀನಿ.’

‘ನಾ ನುಂಗಿಲ್ಲ’ ಎಂದಳು ಹುಡುಗಿ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ‘ಮೇಡಂ ನಾಲಿಗೆ ಕೆಳಗಷ್ಟೇ ನೋಡ್ತಾರೆ. ನಾ ಕೆನ್ನೆ ಒಳಗೆ ಇಟ್ಕಂತಿದ್ದೆ.’

ಆಹಾ, ಸಿಕ್ಕಿಬಿದ್ದಳು ಎಂದು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು.

‘ಒಂದೇ ಸಲ ನುಂಗಿದ್ದು. ಆವತ್ತು ಒಪ್ಪತ್ತು ಇತ್ತು, ಅವ್ವನ ಜೊತೆ ನಾನೂ ಹಿಡೀತೀನಿ. ವಾಂತಿ ಆತು. ಮಾರನೇ ದಿನ ಹೊರಗೆ ಹೋದ್ರೆ ಕರ್ರಗೆ ಬಂತು. ಒಳಗೆ ಏನೋ ಸುಟ್ಟೋಗೈತೆ ಅಂತ ಹೆದ್ರಿಕೆ ಆತು. ಮೇಡಂನ ಕೇಳಾಣ ಅಂದ್ಕಂಡೆ.’ ನನ್ನ ಕೈ ಕಡೆ ನೋಡಿದಳು. ‘ಮುಂದಿನ ವಾರ ನೋಡಿದ್ರೆ ಮೇಡಂನೂ ನುಂಗಲಿಲ್ಲ. ಕರ್ಚೀಫಿಗೆ ಹಾಕ್ಕಂಡ್ರು. ಪ್ರತಿ ವಾರ ಹಂಗೇ ಮಾಡ್ತಾರೆ. ಬೇಕಾದ್ರೆ ಕರ್ಚೀಫು ನೋಡ್ರಿ, ನೀಲಿ ಆಗೈತೆ.’

ಕರ್ಚೀಫು ನನ್ನ ಕೈಯಲ್ಲೇ ಇತ್ತು. ಆಟೋದಲ್ಲಿ ಅವಳ ಬೆವರು ಒರೆಸಿಕೊಂಡು ಬಂದದ್ದು ಅದರಿಂದಲೇ. ಒಗೆದರೂ ಹೋಗದ ನೀಲಿ ಕಲೆ, ಒಂದು ಮೂಲೆಯಲ್ಲಿ. ಮುಚ್ಚಿಟ್ಟುಕೊಳ್ಳಲು ಕೈ ಬರಲಿಲ್ಲ.

ತಾಯಿ ಸ್ಟೂಲಿನಿಂದ ಎದ್ದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೂಗಾಡಲಿಲ್ಲ. ‘ನಿಮ್ಮನ್ನ ಕೇಳಿದ್ದೆ ನಾನು. ತಿಂತೀರಾ ಅಂತ ಬಾಯಿ ಬಿಟ್ಟು ಕೇಳಿದ್ದೆ’ ಎಂದಳು. ಆಮೇಲೆ ಮಗಳ ರಟ್ಟೆ ಹಿಡಿದು, ‘ಏಳೇ, ಮನೆಗೆ ಹೋಗಾಣ. ಇವರ ಗುಳಿಗೆನೂ ಬ್ಯಾಡ, ಇವರ ಆಸ್ಪತ್ರೆನೂ ಬ್ಯಾಡ’ ಎಂದು ಎಬ್ಬಿಸತೊಡಗಿದಳು. ಹುಡುಗಿ ಮಂಚದ ಅಂಚು ಹಿಡಿದುಕೊಂಡಳು. ಇವಳು ಈಗ ಹೋದರೆ ಮತ್ತೆ ಬರುವುದಿಲ್ಲ, ನನಗೆ ಅದು ಸ್ಪಷ್ಟವಾಗಿ ಗೊತ್ತಾಯಿತು.

ಬಾಗಿಲಿಗೆ ಅಡ್ಡ ನಿಂತೆ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಆಗಿಲ್ಲ. ‘ಅಕ್ಕಾ, ಸುಳ್ಳು ಹೇಳಿದ್ದು ಹೌದು. ತಪ್ಪಾತು. ನಂದೂ ಸೋಮವಾರ ಒಪ್ಪತ್ತು. ಖಾಲಿ ಹೊಟ್ಟೇಲಿ ತಿಂದು ನಂಗೂ ವಾಂತಿ ಆಗಿತ್ತು, ಅದಕ್ಕೆ ಬಚ್ಚಿಟ್ಟೆ. ಗುಳಿಗೇಲಿ ದೋಷ ಇಲ್ಲ. ಕರ್ರಗೆ ಹೋಗೋದು ಅದರ ಗುಣ, ಹೇಳಾಕೆ ನಾಚ್ಕಂಡು ಬಿಟ್ಟೆ. ಹುಡುಗೀನ ಕರ್ಕಂಡು ಹೋಗಬ್ಯಾಡ್ರಿ.’

ತಾಯಿ ನನ್ನನ್ನೇ ನೋಡಿದಳು. ನಾನು ಹಾಲು ನೋಡುವ ಹಾಗೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ‘ಇವಳದೂ ಒಪ್ಪತ್ತು, ನಿಮ್ಮದೂ ಒಪ್ಪತ್ತು. ಈ ಕಡೆ ಅರ್ಧ ಮನೆಗಳಲ್ಲಿ ಸೋಮವಾರ ಒಪ್ಪತ್ತು. ಗುಳಿಗೇನ ಮಂಗಳವಾರ ಕೊಟ್ಟಿದ್ರೆ ಏನ್ ಹೋಗ್ತಿತ್ರೀ ನಿಮ್ಮದು?’

ವಾರದಲ್ಲಿ ಇನ್ನೂ ಐದು ದಿನ ಶಾಲೆ ಇತ್ತು. ಡಾಕ್ಟರು ಎದ್ದು ಬಂದು, ಕೇಳದೆ ಮಾಡದೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ‘ನಿಮ್ಮದೂ ಏನ್ ಕೆಂಪಗಿಲ್ಲ ಬಿಡ್ರಿ. ಬಸ್ ಹತ್ತಿದ್ರೆ ಏದುಸಿರು ಬರ್ತೈತಾ?’

‘ಎಲ್ಲರಿಗೂ ಬರಲ್ವಾ ಡಾಕ್ಟ್ರೇ?’ ಎಂದೆ. ಹೇಳಿದ ಮೇಲೆ ಹುಡುಗಿಯ ಮುಖ ನೋಡಲು ಧೈರ್ಯವಾಗಲಿಲ್ಲ.

ತಾಯಿ ಮಗಳ ರಟ್ಟೆ ಬಿಟ್ಟಿರಲಿಲ್ಲ. ‘ಈಗ ತಿಂತೀರಾ?’ ಎಂದಳು. ‘ನಮ್ಮ ಎದುರಿಗೆ?’

ಗಡಿಯಾರದಲ್ಲಿ ಇನ್ನೂ ಹನ್ನೆರಡೂ ಆಗಿರಲಿಲ್ಲ. ಸಂಜೆ ದೀಪಕ್ಕೆ ಎಷ್ಟೋ ಹೊತ್ತಿತ್ತು. ಅವ್ವ ಹೋದಾಗಿನಿಂದ ಒಂದು ಸೋಮವಾರವೂ ಬಿಟ್ಟಿರಲಿಲ್ಲ ನಾನು, ಜ್ವರ ಬಂದಾಗಲೂ ಬಿಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಆ ಕರ್ಚೀಫು ಎತ್ತಲಾರದೆ ಸೆರಗಿನಿಂದ ಒರೆಸಿಕೊಂಡೆ. ಹೊರಗೆ ಹೋಗಿ ಗೇಟಿನ ಎದುರಿನ ಹೋಟೆಲ್ಲಿನಿಂದ ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ‘ನಿಂಬೆಹಣ್ಣು ಜಾಸ್ತಿ ಹಿಂಡಪ್ಪ’ ಎಂದೆ. ಹುಳಿಯಿದ್ದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ, ಚಹಾ ಕುಡಿದರೆ ಹತ್ತುವುದಿಲ್ಲ. ಅದನ್ನೂ ಕ್ಲಾಸಿನಲ್ಲಿ ಹೇಳಿದ್ದೆ.

ಮಂಚದ ಮೇಲೆ ಪೊಟ್ಟಣ ಬಿಚ್ಚಿಟ್ಟು ಮೊದಲ ತುತ್ತು ಬಾಯಿಗಿಟ್ಟೆ. ಅವ್ವಾ, ಇದೊಂದು ಸೋಮವಾರ ಬಿಟ್ಟುಬಿಡೇ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೀರು ಕುಡಿದು ಇಳಿಸಿದೆ. ಎರಡನೆಯ ತುತ್ತು ಸಲೀಸಾಗಿ ಹೋಯಿತು. ತಾಯಿ ನೋಡುತ್ತಲೇ ಇದ್ದಳು. ಆಮೇಲೆ ಒಂದು ಹಿಡಿ ಮಂಡಕ್ಕಿ ತೆಗೆದು ಮಗಳ ಕೈಗೆ ಹಾಕಿ, ‘ತಿನ್ನು. ಶಿವ ಏನೂ ಅನ್ನಲ್ಲ’ ಎಂದಳು. ತಾನು ಮಾತ್ರ ಮುಟ್ಟಲಿಲ್ಲ.

ಡಾಕ್ಟರು ಹೊಸ ಪಟ್ಟಿಯಿಂದ ಎರಡು ಗುಳಿಗೆ ಬಿಡಿಸಿದರು. ಒಂದನ್ನು ನಾನು ತೆಗೆದುಕೊಂಡೆ, ನೀರು ಕುಡಿದೆ, ನುಂಗಿದೆ.

‘ಆ ಅನ್ರಿ ಮೇಡಂ’ ಎಂದಳು ಹುಡುಗಿ.

ಬಾಯಿ ತೆಗೆದೆ.

‘ನಾಲಿಗೆ ಎತ್ರಿ.’

ಎತ್ತಿದೆ.

‘ಕೆನ್ನೆ ಒಳಗೂ ತೋರಸ್ರಿ. ಆ ಕಡೇದೂ.’

ಬೆರಳಿನಿಂದ ಒಂದು ಕೆನ್ನೆ ಎಳೆದು ತೋರಿಸಿದೆ, ಇನ್ನೊಂದನ್ನೂ ಎಳೆದು ತೋರಿಸಿದೆ. ಅವಳು ಮಂಚದಿಂದ ಮುಂದಕ್ಕೆ ಬಗ್ಗಿ ನಿಧಾನವಾಗಿ, ನಾನು ನೋಡುವುದಕ್ಕಿಂತ ಚೆನ್ನಾಗಿ ನೋಡಿದಳು. ಆಮೇಲೆ ಕೈ ಚಾಚಿದಳು.

‘ಈಗ ನಂದು ಕೊಡ್ರಿ.’

ಅವಳು ನುಂಗಿದ ಮೇಲೆ ಬಾಯಿ ತೆಗೆ ಎಂದು ನಾನು ಹೇಳಲಿಲ್ಲ.

ಈಗ ನಮ್ಮ ಶಾಲೆಯಲ್ಲಿ ಗುಳಿಗೆ ಮಂಗಳವಾರ. ಕಪ್ಪಗೆ ಹೋಗುತ್ತದೆ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ, ಹುಡುಗರು ಕಿಸಕ್ ಅಂದರೆ ಅನ್ನಲಿ. ಒಂದು ತಿಂಗಳಿಗೆ ಹುಡುಗಿಯ ರಕ್ತ ಸ್ವಲ್ಪ ಏರಿತ್ತು, ದಾವಣಗೆರೆಗೆ ಹೋಗುವುದು ತಪ್ಪಿತು. ತಾಯಿ ನನ್ನ ಜೊತೆ ಮೊದಲಿನಂತೆ ಮಾತಾಡುವುದಿಲ್ಲ, ಸಿಕ್ಕರೆ ತಲೆ ಅಲ್ಲಾಡಿಸಿ ಹೋಗುತ್ತಾಳೆ. ನನ್ನ ಅನುಮಾನದ ಬುದ್ಧಿಯೂ ಹೋಗಿಲ್ಲ. ಮೊನ್ನೆ ದೀಪಾವಳಿ ರಜೆ ಮುಗಿಸಿ ಬಂದವಳು ವಾರವಿಡೀ ಬೆಳಿಗ್ಗೆ ಸಂಜೆ ಚಾಕ್‌ಪೀಸ್ ಡಬ್ಬಿ ಸುರಿದು ಎಣಿಸಿದೆ. ಇಟ್ಟಷ್ಟೂ ಇದ್ದವು. ನಂಬಿಕೆಯಾಗದೆ ಇನ್ನೊಂದು ಸಲ ಎಣಿಸಿದೆ.